ರಕ್ತದಲ್ಲಿ ಕಾಣುವ ವೈರಸ್ಸಿನ ಪ್ರೊಟೀನು: ಡೆಂಗಿ ಬಿಗಡಾಯಿಸುವುದನ್ನು ಮೊದಲೇ ತಿಳಿಯಬಹುದೇ?

ಜೂನ್ ತಿಂಗಳ ಮಳೆ ಹಿಡಿದು, ಬಿದ್ದ ಅಡಿಕೆ ಹಾಳೆಗಳಲ್ಲಿ ನೀರು ನಿಂತು ಎರಡು ಮೂರು ವಾರ ಕಳೆಯುವಷ್ಟರಲ್ಲಿ ನಮ್ಮ ತೋಟದ ಊರುಗಳಲ್ಲಿ ಜ್ವರದ ಸುದ್ದಿ ಕೇಳತೊಡಗುತ್ತದೆ. ಮೊದಲು ಕೆಲಸದವರಲ್ಲಿ ಒಬ್ಬರಿಗೆ, ಆಮೇಲೆ ಮನೆಯಲ್ಲಿ ಒಬ್ಬರಿಗೆ. ಪೇಟೆಗೆ ಹೋಗಿ ರಕ್ತ ಕೊಟ್ಟು ಬಂದರೆ ಸಂಜೆಯೊಳಗೆ ಒಂದು ಚೀಟಿ ಕೈಗೆ ಸಿಗುತ್ತದೆ. ಅದರಲ್ಲಿ ‘ಡೆಂಗಿ ಎನ್.ಎಸ್.1 ಪಾಸಿಟಿವ್’ ಎಂದೋ ‘ನೆಗೆಟಿವ್’ ಎಂದೋ ಬರೆದಿರುತ್ತದೆ. ಪಾಸಿಟಿವ್ ಎಂದರೆ ಮನೆಮಂದಿಯೆಲ್ಲ ಕಂಗಾಲು. ನೆಗೆಟಿವ್ ಎಂದರೆ ‘ಏನೂ ಇಲ್ಲವಂತೆ’ ಎಂದು ಮರುದಿನವೇ ತೋಟದ ಕೆಲಸ. ಎರಡರಲ್ಲೂ ತಪ್ಪು ತಿಳುವಳಿಕೆ ಇದೆ, ಎರಡನೆಯದರಿಂದ ಜೀವಕ್ಕೇ ಅಪಾಯ ಬಂದೀತು. ಆದುದರಿಂದ ಈ ಎನ್.ಎಸ್.1 ಎಂದರೇನು, ಅದು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ ಎಂಬುದನ್ನು ಸದಸ್ಯ ಬಾಂಧವರ ಮುಂದೆ ಸ್ವಲ್ಪ ವಿವರವಾಗಿ ಇಡುವುದು ಈ ಲೇಖನದ ಉದ್ದೇಶ.

ಹುಳವೂ ಹುಡಿಯೂ

ಡೆಂಗಿ ವೈರಸ್ ನಮ್ಮ ಜೀವಕೋಶದೊಳಗೆ ಹೊಕ್ಕ ಮೇಲೆ ಒಟ್ಟು ಹತ್ತು ಬಗೆಯ ಪ್ರೊಟೀನುಗಳನ್ನು ಮಾಡಿಸಿಕೊಳ್ಳುತ್ತದೆ. ಇವುಗಳಲ್ಲಿ ಮೂರು ವೈರಸ್ಸಿನ ಒಡಲನ್ನೇ ಕಟ್ಟುವಂಥವು. ಉಳಿದ ಏಳು ಅದರ ಒಡಲಿಗೆ ಸೇರಿದವಲ್ಲ, ವಂಶ ಬೆಳೆಸುವ ಕೆಲಸಕ್ಕೆ ಬೇಕಾದ ಆಳುಗಳು ಎನ್ನಬಹುದು. ಈ ಏಳರಲ್ಲಿ ಮೊದಲನೆಯದೇ ಎನ್.ಎಸ್.1. ಇದಕ್ಕೆ ಒಂದು ವಿಶೇಷವಿದೆ. ಉಳಿದವು ಜೀವಕೋಶದೊಳಗೇ ಇದ್ದುಬಿಟ್ಟರೆ ಇದು ಮಾತ್ರ ಹೊರಗೆ ಬಂದು ರಕ್ತದಲ್ಲಿ ಸೇರುತ್ತದೆ. ಆರಾರು ಒಟ್ಟುಗೂಡಿ ಸಣ್ಣ ಪೀಪಾಯಿಯ ಆಕಾರದಲ್ಲಿ, ನಡುವೆ ಕೊಬ್ಬಿನ ಅಂಶ ತುಂಬಿಕೊಂಡು ತೇಲುತ್ತಿರುತ್ತದೆ.

ಮನೆಯ ಪಕಾಸಿಗೆ ಹುಳ ಬಿದ್ದರೆ ಕೆಳಗೆ ಹುಡಿ ಉದುರುವುದನ್ನು ನಾವೆಲ್ಲ ನೋಡಿದ್ದೇವೆ. ಹುಡಿ ಎಂದರೆ ಹುಳವಲ್ಲ, ಆದರೆ ಹುಳವಿಲ್ಲದೆ ಹುಡಿ ಉದುರುವುದಿಲ್ಲ. ಎನ್.ಎಸ್.1 ಪರೀಕ್ಷೆಯ ತತ್ವವೂ ಇಷ್ಟೇ. ರಕ್ತದಲ್ಲಿ ಈ ಹುಡಿ ಸಿಕ್ಕಿತೆಂದರೆ ಒಳಗೆ ಡೆಂಗಿ ವೈರಸ್ ಇದೆ ಎಂದು ಅರ್ಥ. ಜ್ವರ ಬಂದ ಮೊದಲ ದಿನವೇ ಇದು ಸಿಗಬಲ್ಲದು. ಹಿಂದೆ ಹೀಗಿರಲಿಲ್ಲ. ಶರೀರವು ವೈರಸ್ಸಿನ ವಿರುದ್ಧ ತಯಾರಿಸುವ ಪ್ರತಿಕಾಯಗಳನ್ನು, ಅಂದರೆ ಐ.ಜಿ.ಎಂ. ಎಂಬುದನ್ನು ಹುಡುಕಬೇಕಾಗಿತ್ತು. ಅದು ಕಾಣಿಸಿಕೊಳ್ಳುವುದು ನಾಲ್ಕೈದು ದಿನಗಳಾದ ಮೇಲೆ. ಅಷ್ಟರಲ್ಲಿ ರೋಗಿ ಅಪಾಯದ ಅಂಚಿಗೆ ಬಂದಿರುತ್ತಿದ್ದ.

ಹುಡಿಯ ಲೆಕ್ಕ

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಹುಡಿ ಒಂದು ಚಿಟಿಕೆ ಬಿದ್ದಿದೆಯೋ ಒಂದು ಸೇರು ಬಿದ್ದಿದೆಯೋ ನೋಡಿ ಪಕಾಸು ಎಷ್ಟು ಟೊಳ್ಳಾಗಿದೆ ಎಂದು ಅಂದಾಜು ಮಾಡುವಂತೆ, ರಕ್ತದಲ್ಲಿರುವ ಪ್ರೊಟೀನನ್ನು ಅಳೆದು ಈ ರೋಗಿಗೆ ಕಾಯಿಲೆ ಬಿಗಡಾಯಿಸುತ್ತದೆ, ಈ ರೋಗಿ ಮನೆಯಲ್ಲೇ ಗುಣವಾಗುತ್ತಾನೆ ಎಂದು ಮೊದಲೇ ಹೇಳಲು ಸಾಧ್ಯವೇ?

ಸಾಧ್ಯ ಎಂಬ ಆಸೆಯನ್ನು ಹುಟ್ಟಿಸಿದ್ದು ಥಾಯ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನ. ಡೇನಿಯಲ್ ಲಿಬ್ರಾಟಿ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಪ್ರಕಟಿಸಿದರು. ಜ್ವರ ಶುರುವಾದ 72 ಗಂಟೆಗಳೊಳಗೆ ಮಕ್ಕಳ ರಕ್ತ ತೆಗೆದು ಎನ್.ಎಸ್.1 ಪ್ರಮಾಣವನ್ನು ಅಳೆದು, ಮುಂದೆ ಆ ಮಕ್ಕಳಿಗೆ ಏನಾಯಿತೆಂದು ನೋಡಿದರು. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ 600 ನ್ಯಾನೋಗ್ರಾಂ ಅಥವಾ ಅದಕ್ಕೂ ಮಿಕ್ಕಿ ಇದ್ದ ಮಕ್ಕಳಲ್ಲಿ ರಕ್ತಸ್ರಾವದ ಡೆಂಗಿ ಆಗುವ ಸಂಭವ ಹೆಚ್ಚೆಂದು ಕಂಡುಬಂತು. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟು ಅಲ್ಪ ಪ್ರಮಾಣದ ಪದಾರ್ಥವನ್ನು ಅಳೆದು ನಾಲ್ಕು ದಿನ ಮುಂದಿನ ಸ್ಥಿತಿಯನ್ನು ಹೇಳುವುದೆಂದರೆ ಸಾಮಾನ್ಯ ಮಾತಲ್ಲ.

ಅನಂತರ 2015ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಎರಡು ತಂಡಗಳು ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ಕಡೆ ಬಂದು ತಲುಪಿದುವು. ಎನ್.ಎಸ್.1 ಬರೇ ಸುಮ್ಮನೆ ತೇಲುವ ಕಸವಲ್ಲ, ರಕ್ತನಾಳದ ಒಳಗೋಡೆಯನ್ನು ಸಡಿಲಗೊಳಿಸಿ ರಕ್ತದ ನೀರಿನಂಶವನ್ನು ಹೊರಕ್ಕೆ ಸೋರುವಂತೆ ಮಾಡುವ ವಿಷವೂ ಹೌದು. ಇಲಿಗಳ ಮೇಲಿನ ಪ್ರಯೋಗದಲ್ಲಿ ವೈರಸ್ ಇಲ್ಲದೆ ಬರೇ ಈ ಪ್ರೊಟೀನನ್ನು ಕೊಟ್ಟರೂ ನಾಳಗಳು ಸೋರಿದುವು. ಇಲ್ಲಿಗೆ ನಮ್ಮ ಪಕಾಸಿನ ಹೋಲಿಕೆ ಮುಗಿಯಿತು ಎನ್ನಬೇಕು. ಹುಳದ ಹುಡಿ ಪಕಾಸನ್ನು ತಿನ್ನುವುದಿಲ್ಲ, ಈ ಹುಡಿ ತಿನ್ನುತ್ತದೆ. ಡೆಂಗಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ರಕ್ತ ಸುರಿದು ಅಲ್ಲ, ಈ ಸೋರಿಕೆಯಿಂದ ಎಂಬುದನ್ನು ನೆನಪಿಟ್ಟರೆ ಈ ಸಂಶೋಧನೆಯ ಮಹತ್ವ ತಿಳಿಯುತ್ತದೆ.

ಇದೇ ವಿಚಾರ ಕೋವಿಡ್ ಕಾಯಿಲೆಯಲ್ಲೂ ಕಂಡಿದೆ. ಹತ್ತು ದೇಶಗಳ ಆಸ್ಪತ್ರೆಗಳಲ್ಲಿ ಸೇರಿದ್ದ 2540 ರೋಗಿಗಳ ರಕ್ತದಲ್ಲಿ ಆ ವೈರಸ್ಸಿನ ಪ್ರೊಟೀನನ್ನು ಅಳೆದ ವರದಿ 2022ರಲ್ಲಿ ಬಂತು. ಲೀಟರಿಗೆ 1000 ನ್ಯಾನೋಗ್ರಾಂಗಿಂತ ಹೆಚ್ಚಿದ್ದವರಲ್ಲಿ ಉಸಿರಾಟದ ತೊಂದರೆ ಬಿಗಡಾಯಿಸಿದ್ದು ಸ್ಪಷ್ಟವಾಗಿ ಹೆಚ್ಚು. ಮೂಗಿನೊಳಗೆ ಕಡ್ಡಿ ಹಾಕಿ ಮಾಡಿದ ಪರೀಕ್ಷೆ ಕಾಯಿಲೆ ಇದೆಯೇ ಎಂದಷ್ಟೇ ಹೇಳಿದರೆ, ರಕ್ತದಲ್ಲಿನ ಪ್ರೊಟೀನು ಕಾಯಿಲೆ ಎತ್ತ ಹೊರಟಿದೆ ಎಂಬುದರ ಸುಳಿವನ್ನೂ ಕೊಟ್ಟಿತು.

ಹಾಗಾದರೆ ನಮ್ಮ ಚೀಟಿಯಲ್ಲಿ ಅದೇಕೆ ಇಲ್ಲ?

ಪೇಟೆಯ ಲ್ಯಾಬಿನಲ್ಲಿ ಮಾಡುವುದು ಬಹುತೇಕ ಕಾರ್ಡಿನ ಪರೀಕ್ಷೆ. ರಕ್ತದ ಹನಿ ಹಾಕಿದರೆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ಗೆರೆ ಮೂಡಿದರೆ ಪ್ರೊಟೀನು ಇದೆ, ಮೂಡದಿದ್ದರೆ ಕಾರ್ಡಿಗೆ ಸಿಕ್ಕಿಲ್ಲ. ಎಷ್ಟು ಇದೆ ಎಂದು ಈ ಕಾರ್ಡು ಅಳೆಯುವುದಿಲ್ಲ. ಗೆರೆ ದಪ್ಪವಾಗಿ ಬಂದಿದೆ, ಆದುದರಿಂದ ಜೋರು ಕಾಯಿಲೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಸುಕು ಗೆರೆ ಕಂಡು ನೆಮ್ಮದಿ ಪಡುವಂತೆಯೂ ಇಲ್ಲ. ಇದಕ್ಕಿಂತ ಭರವಸೆಯದು ಎಲಿಸಾ ಎಂಬ ಪರೀಕ್ಷೆ. ಸರಕಾರಿ ವ್ಯವಸ್ಥೆಯಲ್ಲಿ ಡೆಂಗಿ ಎಂದು ಖಚಿತಪಡಿಸಲು ಒಪ್ಪುವುದು ಎಲಿಸಾವನ್ನೇ. ಆದರೆ ಅದರ ವರದಿಯೂ ರೂಢಿಯಲ್ಲಿ ಇದೆ ಅಥವಾ ಇಲ್ಲ ಎಂದೇ ಇರುತ್ತದೆ. ನ್ಯಾನೋಗ್ರಾಂ ಲೆಕ್ಕ ಸಂಶೋಧನಾಲಯಗಳ ಆಚೆಗೆ ಇನ್ನೂ ಬಂದಿಲ್ಲ.

ಬಾರದಿರುವುದಕ್ಕೆ ಕಾರಣ ದುಡ್ಡು ಒಂದೇ ಅಲ್ಲ. ಥಾಯ್ಲೆಂಡಿನ ಆ 600ರ ಗಡಿ ಎಲ್ಲ ಕಡೆಯೂ ಹೊಂದಲಿಲ್ಲ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ತಳಿಗಳಿವೆ. ಒಂದೊಂದು ತಳಿ ರಕ್ತಕ್ಕೆ ಬಿಡುವ ಎನ್.ಎಸ್.1 ಪ್ರಮಾಣ ಒಂದೊಂದು ರೀತಿ. ಥಾಯ್ಲೆಂಡಿನ ಅಂಕೆ ಸಿಕ್ಕಿದ್ದು ಎರಡನೇ ತಳಿಯ ಸೋಂಕಿನಲ್ಲಿ. ವಿಯೆಟ್ನಾಮಿನ ರೋಗಿಗಳಲ್ಲಿ ನೋಡಿದಾಗ ತಳಿಯ ಮೇಲೂ, ರೋಗಿಗೆ ಹಿಂದೆ ಡೆಂಗಿ ಬಂದಿತ್ತೇ ಇಲ್ಲವೇ ಎಂಬುದರ ಮೇಲೂ ಈ ಪ್ರಮಾಣ ಏರುಪೇರಾಗುವುದು ಕಂಡುಬಂತು. ರಕ್ತ ತೆಗೆದದ್ದು ಎಷ್ಟನೇ ದಿನ ಎಂಬುದೂ ಮುಖ್ಯ. ಇಂದಿನ ಅಂಕೆ ನಾಳೆಗಿಲ್ಲ. ಹೀಗಾಗಿ ಒಂದೇ ಪ್ರೊಟೀನನ್ನು ನೆಚ್ಚದೆ ರಕ್ತದಲ್ಲಿನ ನಾಲ್ಕೈದು ಪದಾರ್ಥಗಳನ್ನು ಕೂಡಿಸಿ ನೋಡುವ ಪ್ರಯತ್ನಗಳು ನಡೆದಿವೆ. ದಾರಿ ಸರಿಯಾಗಿದೆ, ಹಳ್ಳಿಯ ಆಸ್ಪತ್ರೆಗೆ ಬರಲು ಸಮಯ ಬೇಕು ಎಂಬುದು ನನ್ನ ಅಭಿಪ್ರಾಯ.

ಎರಡನೇ ಬಾರಿಯ ಡೆಂಗಿ

ಇಲ್ಲಿ ಓದುಗರು ಗಮನವಿಟ್ಟು ತಿಳಿಯಬೇಕಾದ ಒಂದು ತೊಡಕು ಇದೆ. ಒಂದು ತಳಿಯ ಡೆಂಗಿ ಬಂದು ಹೋದರೆ ಆ ತಳಿಯ ಮಟ್ಟಿಗೆ ರಕ್ಷಣೆ ದೊರೆಯುತ್ತದೆ. ಆದರೆ ಕೆಲವು ವರ್ಷಗಳ ಮೇಲೆ ಬೇರೊಂದು ತಳಿ ಬಂದಾಗ ಹಳೆಯ ಪ್ರತಿಕಾಯಗಳು ಕಾಪಾಡುವ ಬದಲು ವೈರಸ್ ಜೀವಕೋಶದೊಳಗೆ ನುಗ್ಗಲು ಸಹಾಯ ಮಾಡಿಬಿಡುತ್ತವೆ. ಬ್ಯಾಂಕಾಕಿನಲ್ಲಿ 1960ರ ದಶಕದಲ್ಲಿ ಕೆಲಸ ಮಾಡಿದ ಸ್ಕಾಟ್ ಹಾಲ್‌ಸ್ಟೆಡ್ ಎಂಬ ವೈದ್ಯರು ಈ ವಿಚಾರವನ್ನು ಎತ್ತಿದವರು. ಎರಡನೇ ಬಾರಿಯ ಡೆಂಗಿ ಹೆಚ್ಚು ಅಪಾಯದ್ದು ಎನ್ನುವುದು ಇದಕ್ಕೇ.

ತೊಡಕು ಏನೆಂದರೆ, ಈ ಎರಡನೇ ಬಾರಿಯಲ್ಲೇ ಎನ್.ಎಸ್.1 ಪರೀಕ್ಷೆ ತಪ್ಪುವ ಸಂಭವ ಹೆಚ್ಚು. ಹಳೆಯ ಪ್ರತಿಕಾಯಗಳು ಬೇಗನೆ ಎದ್ದು ಬಂದು ಎನ್.ಎಸ್.1 ಅನ್ನು ಸುತ್ತುವರಿದು ಹಿಡಿದುಕೊಳ್ಳುತ್ತವೆ. ಹೀಗೆ ಮುಚ್ಚಿಹೋದ ಪ್ರೊಟೀನು ಕಾರ್ಡಿನ ಕಣ್ಣಿಗೆ ಬೀಳುವುದಿಲ್ಲ. ಅಂದರೆ ಯಾರಿಗೆ ಗಂಡಾಂತರ ಹೆಚ್ಚೋ ಅವರ ಚೀಟಿಯಲ್ಲೇ ‘ನೆಗೆಟಿವ್’ ಎಂದು ಬರಬಹುದು. ಮನೆಯಲ್ಲಿ ಯಾರಿಗಾದರೂ ಹಿಂದೊಮ್ಮೆ ಡೆಂಗಿ ಆಗಿದ್ದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ಅದು. ಜ್ವರದ ಮೊದಲ ಮೂರು ನಾಲ್ಕು ದಿನಗಳಲ್ಲೇ ಐ.ಜಿ.ಜಿ. ಎಂಬ ಇನ್ನೊಂದು ಪ್ರತಿಕಾಯ ಏರಿ ನಿಂತಿದ್ದರೆ ಇದು ಎರಡನೇ ಸೋಂಕು ಇರಬೇಕೆಂದು ವೈದ್ಯರು ಊಹಿಸುತ್ತಾರೆ.

ಇನ್ನೊಂದು, ದಿನದ ಲೆಕ್ಕ. ಜ್ವರ ಬಂದ ಐದು ದಿನಗಳೊಳಗೆ ಎನ್.ಎಸ್.1, ಐದು ದಿನ ಕಳೆದರೆ ಐ.ಜಿ.ಎಂ. ಎಂಬುದು ಸಾಮಾನ್ಯ ಕ್ರಮ. ‘ನಾಳೆ ನೋಡೋಣ, ನಾಡಿದ್ದು ಸಂತೆಗೆ ಹೋಗುವಾಗ ಕೊಟ್ಟರಾಯಿತು’ ಎಂದು ಏಳನೇ ದಿನ ಹೋಗಿ ಎನ್.ಎಸ್.1 ಮಾಡಿಸಿದರೆ ಹಣ ದಂಡ. ಈ ಹಣದ ವಿಷಯಕ್ಕೆ ಹೇಳುವುದಾದರೆ, 2024ರ ಜುಲೈ ತಿಂಗಳಲ್ಲಿ ರಾಜ್ಯ ಸರಕಾರ ಖಾಸಗಿ ಲ್ಯಾಬುಗಳಿಗೆ ದರ ನಿಗದಿ ಮಾಡಿತು. ಎಲಿಸಾ ವಿಧಾನದ ಎನ್.ಎಸ್.1ಕ್ಕೆ 300 ರೂಪಾಯಿ, ಐ.ಜಿ.ಎಂ.ಗೆ 300, ಕಾರ್ಡಿನ ಪರೀಕ್ಷೆಗೆ 250. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಲಾಯಿತು. ಸರಕಾರಿ ಆಸ್ಪತ್ರೆಯ ಮೂಲಕ ಹೋದ ರಕ್ತದ ಮಾದರಿಗೆ ಹಣ ಕೊಡಬೇಕಾಗಿಲ್ಲ.

ಜ್ವರ ಇಳಿದ ದಿನವೇ ಕೆಟ್ಟ ದಿನ

ಪ್ರೊಟೀನಿನ ಅಳತೆ ನಮ್ಮ ಕೈಗೆ ಬರುವ ತನಕ ರೋಗ ಯಾವ ಕಡೆ ಹೊರಟಿದೆ ಎಂದು ತಿಳಿಯಲು ಏನು ದಾರಿ? ಇದಕ್ಕೆ ಹಳೆಯ ದಾರಿಯೇ ಗಟ್ಟಿ. ರೋಗಿಯನ್ನು ನೋಡುತ್ತಿರಬೇಕು, ದಿನಕ್ಕೊಮ್ಮೆ ರಕ್ತದ ಸಾಮಾನ್ಯ ಪರೀಕ್ಷೆ ಮಾಡಿಸಬೇಕು.

ಡೆಂಗಿಯ ವಿಚಿತ್ರ ಸ್ವಭಾವವೆಂದರೆ ಜ್ವರ ಜೋರಾಗಿದ್ದಾಗ ಅಪಾಯ ಕಡಿಮೆ. ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದಲ್ಲ, ಆಗ ಶುರುವಾಗುವ 24ರಿಂದ 48 ಗಂಟೆಗಳೇ ಗಂಡಾಂತರದ ಹೊತ್ತು. ರಕ್ತನಾಳ ಸೋರುವುದು ಆಗಲೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಭಾನುವಾರ ಜ್ವರ ಬಂದ ಆಳು ಗುರುವಾರ ಬೆಳಗ್ಗೆ ಮೈ ತಣ್ಣಗಾಗಿ ಎದ್ದು ಕೂರುತ್ತಾನೆ. ‘ಜ್ವರ ಬಿಟ್ಟಿತು’ ಎಂದು ಗಂಜಿ ಉಂಡು ಕೆಲಸಕ್ಕೆ ಬರುತ್ತಾನೆ. ದಿನದ ಸಂಬಳ ಹೋಗುವುದು ಅವನಿಗೂ ಕಷ್ಟ, ಕೆಲಸ ನಿಲ್ಲುವುದು ನಮಗೂ ಕಷ್ಟ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ, ತಲೆಸುತ್ತು. ಸೆಖೆಗೆ ಹೀಗಾಯಿತು ಎಂದು ನೆರಳಿನಲ್ಲಿ ಮಲಗಿಸುತ್ತೇವೆ. ಇದು ಸೆಖೆಯಲ್ಲ, ಸೋರಿಕೆ. ಆಗ ಕಳೆಯುವ ಒಂದೊಂದು ಗಂಟೆಯೂ ಬೆಲೆಯುಳ್ಳದ್ದು. ಜ್ವರ ಬಿಟ್ಟ ಮೇಲೆ ಎರಡು ಪೂರ್ತಿ ದಿನ ಯಾರನ್ನೂ ಕೆಲಸಕ್ಕೆ ಕರೆಯಬಾರದು, ಅವರಾಗಿ ಬಂದರೂ ಹಿಂದೆ ಕಳಿಸಬೇಕು, ಆ ಎರಡು ದಿನದ ಸಂಬಳವನ್ನು ಯಜಮಾನರೇ ಕೊಟ್ಟುಬಿಡುವುದು ಒಳ್ಳೆಯದು.

ತಡೆಯಿಲ್ಲದ ಹೊಟ್ಟೆನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಮಂಕುತನ ಅಥವಾ ಚಡಪಡಿಕೆ, ಉಸಿರು ಕಟ್ಟುವುದು, ಆರು ಗಂಟೆ ಕಳೆದರೂ ಮೂತ್ರ ಹೋಗದಿರುವುದು. ಇವುಗಳಲ್ಲಿ ಒಂದೇ ಒಂದು ಕಂಡರೂ ಚೀಟಿಯಲ್ಲಿ ಏನೇ ಬರೆದಿರಲಿ, ಜೀಪು ಹೊರಡಿಸತಕ್ಕದ್ದು. ಗರ್ಭಿಣಿಯರು, ಹಸುಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಇದ್ದವರು ಈ ಲಕ್ಷಣಗಳಿಗೂ ಕಾಯದೆ ಮೊದಲೇ ವೈದ್ಯರ ಕಣ್ಣಳತೆಯಲ್ಲಿರುವುದು ಲೇಸು.

ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವುದು ಪ್ಲೇಟ್‌ಲೆಟ್. ‘ಎಷ್ಟಿದೆ? ಎಂಬತ್ತು ಸಾವಿರವಂತೆ. ನಮ್ಮವನದು ನಲುವತ್ತಕ್ಕೆ ಇಳಿದಿತ್ತು’ ಎಂದು ಧಾರಣೆ ಹೇಳಿದಂತೆ ಹೇಳಿಕೊಳ್ಳುತ್ತೇವೆ. ಆರೋಗ್ಯವಂತರಲ್ಲಿ ಇದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದ ತನಕ ಇರುತ್ತದೆ, ಡೆಂಗಿಯಲ್ಲಿ ಇಳಿಯುತ್ತದೆ, ಮತ್ತೆ ತಾನಾಗಿ ಏರುತ್ತದೆ. ಆದರೆ ಅದೇ ಚೀಟಿಯಲ್ಲಿ ಹೆಮಾಟೋಕ್ರಿಟ್ ಅಥವಾ ಪಿ.ಸಿ.ವಿ. ಎಂಬ ಇನ್ನೊಂದು ಅಂಕೆ ಇರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ರಕ್ತದಲ್ಲಿ ಕಣಗಳ ಪಾಲೆಷ್ಟು ಎಂದು ಅದು ಹೇಳುತ್ತದೆ. ನೀರಿನಂಶ ಸೋರಿಹೋದರೆ ರಕ್ತ ಮಂದವಾಗಿ ಈ ಅಂಕೆ ಏರುತ್ತದೆ. ಮೊದಲ ದಿನ 40 ಇದ್ದದ್ದು 48ಕ್ಕೆ ಬಂತೆಂದರೆ ಶೇಕಡಾ 20 ಏರಿದಂತಾಯಿತು, ಸೋರಿಕೆ ಆಗುತ್ತಿದೆ ಎಂಬುದಕ್ಕೆ ಅದು ಗುರುತು. ಪ್ಲೇಟ್‌ಲೆಟ್ ಬೇಗ ಬೇಗ ಇಳಿಯುವುದು, ಪಿ.ಸಿ.ವಿ. ಏರುವುದು ಎರಡೂ ಒಟ್ಟಿಗೆ ಕಂಡರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಮೊದಲ ದಿನದ ಅಂಕೆ ಇಲ್ಲದಿದ್ದರೆ ಏರಿತೋ ಇಳಿಯಿತೋ ಹೇಳುವಂತಿಲ್ಲ, ಆದುದರಿಂದ ಜ್ವರ ಬಂದಾಗಿನ ಮೊದಲ ರಕ್ತಪರೀಕ್ಷೆಯ ಚೀಟಿಯನ್ನು ಬಿಸಾಡಬಾರದು.

ಅಂಕೆ ಇಳಿಯಿತೆಂದು ಹೆದರಿ ಪ್ಲೇಟ್‌ಲೆಟ್ ಹಾಕಿಸಲು ವೈದ್ಯರನ್ನು ಒತ್ತಾಯಿಸುವುದೂ ಬೇಡ. ರಕ್ತಸ್ರಾವವಿಲ್ಲದ, ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕೆ ಇಳಿದಿದ್ದ ಮುನ್ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಸಿಂಗಾಪುರ ಮತ್ತು ಮಲೇಷಿಯಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂದಿದೆ. ಹಾಕಿಸಿಕೊಂಡವರಿಗೆ ರಕ್ತಸ್ರಾವವೇನೂ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತು. ಪಪ್ಪಾಯಿ ಎಲೆಯ ರಸದ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಅದು ಪ್ಲೇಟ್‌ಲೆಟ್ಟಿನ ಮಾತು, ಸೋರಿಕೆಗೆ ಅದು ಮದ್ದಲ್ಲ. ಕಹಿ ರಸ ಕುಡಿಸಿ ವಾಂತಿ ಬರಿಸುವುದಕ್ಕಿಂತ ಗಂಜಿತಿಳಿ, ಎಳನೀರು, ಓ.ಆರ್.ಎಸ್. ದ್ರಾವಣ ಆಗಾಗ ಸ್ವಲ್ಪ ಸ್ವಲ್ಪ ಕೊಡುವುದು ಮೇಲು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಅಂಗಡಿಯಲ್ಲಿ ಮೈಕೈ ನೋವಿಗೆಂದು ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸುವಂಥವು, ಡೆಂಗಿಯ ಸಂಶಯವಿದ್ದಾಗ ಮುಟ್ಟಬಾರದು.

ನೆಗೆಟಿವ್ ಬಂದರೆ ಮತ್ತೇನು?

ಎನ್.ಎಸ್.1 ನೆಗೆಟಿವ್ ಬಂದು ಜ್ವರ ಮಾತ್ರ ಬಿಡದಿದ್ದರೆ ನಮ್ಮ ಭಾಗದಲ್ಲಿ ಎರಡು ಕಾಯಿಲೆಗಳನ್ನು ಮರೆಯಬಾರದು. ಒಂದು ಇಲಿಜ್ವರ. ಗದ್ದೆ, ಕಣಿ, ತೋಟದ ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಬರುತ್ತದೆ. ಮೀನಖಂಡದ ನೋವು, ಕೆಂಪಾದ ಕಣ್ಣು ಇದರ ಗುರುತು. ಇದು ಬ್ಯಾಕ್ಟೀರಿಯಾದಿಂದ ಬರುವಂಥದು, ಬೇಗ ಗುರುತಿಸಿದರೆ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ. ಡೆಂಗಿ ಇಲ್ಲ ಎಂದು ಸುಮ್ಮನೆ ಕುಳಿತರೆ ಮೂತ್ರಪಿಂಡಕ್ಕೆ ಹೊಡೆತ.

ಇನ್ನೊಂದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲದ ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡುಹಿಡಿದ ಈ ವೈರಸ್ ಡೆಂಗಿ ವೈರಸ್ಸಿನ ದಾಯಾದಿಯೇ. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಡೆಂಗಿಯ ಕಾರ್ಡಿನಲ್ಲಿ ಇದು ಗೊತ್ತಾಗುವುದಿಲ್ಲ. ಮೊದಲ ದಿನಗಳಲ್ಲಿ ಆರ್.ಟಿ.-ಪಿ.ಸಿ.ಆರ್. ಪರೀಕ್ಷೆಯಿಂದ, ಆಮೇಲೆ ಐ.ಜಿ.ಎಂ. ಪರೀಕ್ಷೆಯಿಂದ ತಿಳಿಯಬೇಕು. ಡಿಸೆಂಬರಿನಿಂದ ಮೇ ತನಕ ಸೊಪ್ಪು ಸೌದೆಗೆ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು, ಸುತ್ತಮುತ್ತ ಮಂಗ ಸತ್ತಿದ್ದರೆ ಅದನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಳಿಸಬೇಕು.

ತೋಟದಲ್ಲಿ ಮಾಡಬೇಕಾದ್ದು

ಡೆಂಗಿ ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಮೈಲುತುತ್ತು ಹೊಡೆಯುವ ನಮಗೆ ಮುಂಜಾಗ್ರತೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ತೋಟಗಳಲ್ಲಿ ಡೆಂಗಿ ಹರಡುವುದು ಮುಖ್ಯವಾಗಿ ಏಡಿಸ್ ಆಲ್ಬೊಪಿಕ್ಟಸ್ ಎಂಬ ಕಪ್ಪು ಬಿಳಿ ಪಟ್ಟೆಯ ಸೊಳ್ಳೆ. ಹಗಲು ಕಚ್ಚುವಂಥದು, ಬೆಳಗ್ಗೆ ಮತ್ತು ಸಂಜೆಗತ್ತಲೆಗೆ ಮೊದಲು ಹೆಚ್ಚು. ದೂರ ಹಾರುವುದಿಲ್ಲ. ಆದುದರಿಂದ ನಮ್ಮನ್ನು ಕಚ್ಚುವ ಸೊಳ್ಳೆ ನಮ್ಮ ತೋಟದಲ್ಲೋ ಪಕ್ಕದ ತೋಟದಲ್ಲೋ ಹುಟ್ಟಿದ್ದೇ. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಒಂದು ಹಾಳೆಯ ಬುಡದಲ್ಲಿ ನಿಲ್ಲುವ ಲೋಟ ನೀರು ಅದಕ್ಕೆ ಧಾರಾಳ.

ಹಾಳೆಯಲ್ಲದೆ ಇಲಿ ಅಳಿಲು ತಿಂದು ಬಿಟ್ಟ ಕಾಯಿ, ಗೆರಟೆ, ಬೀಜ ತೆಗೆದೆಸೆದ ಕೊಕ್ಕೊ ಸಿಪ್ಪೆ, ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದ ಕಪ್ಪು, ಬೋರ್ಡೋ ಕಲಸುವ ಡ್ರಮ್ಮು, ಮುದುಡಿಟ್ಟ ಟಾರ್ಪಾಲಿನ ಮಡಿಕೆ, ಬಿದಿರು ಕಡಿದ ಬೊಡ್ಡೆ ಇವೆಲ್ಲ ಸೊಳ್ಳೆಯ ತೊಟ್ಟಿಲುಗಳು. ಕಾಫಿ ಬೆಳೆಗಾರರು ಪಲ್ಪರ್ ಮನೆಯ ತೊಟ್ಟಿಗಳನ್ನು ಮರೆಯುವುದುಂಟು. ಕೊಯ್ಲು ಮುಗಿದ ಮೇಲೆ ಅವುಗಳ ಕಡೆ ನೋಡುವವರಿಲ್ಲ, ಜೂನಿನಿಂದ ಅಲ್ಲಿ ನೀರು ತುಂಬಿರುತ್ತದೆ. ಅಡಿಯ ಬಿರಡೆ ತೆಗೆದಿಟ್ಟರೆ ಮುಗಿಯಿತು. ಹಾಳೆಗಳನ್ನು ವಾರಕ್ಕೊಂದು ದಿನ ಗೊತ್ತು ಮಾಡಿ ಹೆಕ್ಕಿಸಿ, ಕವುಚಿ ರಾಶಿ ಹಾಕಿ ಮೇಲೆ ಮುಚ್ಚಬೇಕು, ಇಲ್ಲವೇ ಸೀಳಿ ಬುಡಕ್ಕೆ ಹಾಕಬೇಕು. ಸೀಳದೆ ಅಂಗಾತ ಹಾಕಿದರೆ ಪ್ರಯೋಜನವಿಲ್ಲ. ಈ ಸೊಳ್ಳೆಯ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕುವುದರಿಂದ ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಬದಿಯನ್ನು ತಿಕ್ಕಿ ತೊಳೆಯಬೇಕು.

ಜ್ವರ ಬಂದವರನ್ನು ಮೊದಲ ಐದಾರು ದಿನ ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ರಕ್ತದಲ್ಲಿ ವೈರಸ್ ತುಂಬಿರುವುದು ಆ ದಿನಗಳಲ್ಲೇ, ಅವರನ್ನು ಕಚ್ಚಿದ ಸೊಳ್ಳೆ ಮನೆಯ ಉಳಿದವರಿಗೆ ಕಾಯಿಲೆ ದಾಟಿಸುತ್ತದೆ. ರಕ್ತ ಕೊಡಲು ಹೋದಾಗ ಲ್ಯಾಬಿನವರು ಹೆಸರು, ವಯಸ್ಸು ಮಾತ್ರ ಕೇಳುತ್ತಾರೆ. ಜ್ವರ ಶುರುವಾದ ತಾರೀಕನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ತಾರೀಕು ಇಲ್ಲದೆ ಪಾಸಿಟಿವ್ ನೆಗೆಟಿವ್ ಎರಡಕ್ಕೂ ವೈದ್ಯರು ಅರ್ಥ ಹಚ್ಚುವುದು ಕಷ್ಟ.